ಐದು ಊರಿನ ಹೆಸರು ಹೇಳುವಷ್ಟು ಹೊತ್ತು

ನರ್ಸ್ ಮಂಗಳಗೌರಿಯ ಸುದ್ದಿಯನ್ನು ನಾನು ಮೊದಲು ಕೇಳಿದ್ದು ಗುಬ್ಬಿಯಿಂದ ತುಮಕೂರಿಗೆ ಹೋಗುವ ಬಸ್ಸಿನಲ್ಲಿ. ಎರಡು ಸಾವಿರದ ಇಪ್ಪತ್ತೆರಡನೇ ಇಸವಿ, ಕಾರ್ತೀಕದ ಕೊನೆಯ ಮಂಗಳವಾರ. ನಮ್ಮ ಯಜಮಾನರು ಆಂಜನಪ್ಪನವರಿಗೆ ಎರಡು ಕಿಡ್ನಿಯೂ ಕೆಲಸ ನಿಲ್ಲಿಸಿವೆ ಎಂದು ಹೇಳಿ, ಕತ್ತಿನ ಬಲಗಡೆ ಒಂದು ಕೊಳವೆ ಕೂರಿಸಿ ಆರು ದಿನವಾಗಿತ್ತು. ಅದನ್ನು ಎಲ್ಲರೂ ಲೈನ್ ಎನ್ನುತ್ತಿದ್ದರು. ಅದರ ಎರಡು ಬಾಯಿ ಹೊರಗೆ ಜೋತಾಡುತ್ತಿದ್ದವು, ಒಂದಕ್ಕೆ ಕೆಂಪು ಕ್ಲಿಪ್ಪು, ಒಂದಕ್ಕೆ ನೀಲಿ ಕ್ಲಿಪ್ಪು. ವಾರಕ್ಕೆ ಎರಡು ಸಲ ತುಮಕೂರಿನ ಡಯಾಲಿಸಿಸ್ ಸೆಂಟರಿನಲ್ಲಿ ಆ ಬಾಯಿಗಳಿಗೆ ಮೆಷಿನ್ನಿನ ಪೈಪು ಜೋಡಿಸಿ ರಕ್ತ ಶುದ್ಧಿ ಮಾಡಬೇಕು ಎಂದಿದ್ದರು ಡಾಕ್ಟರು.

ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಹಾಗಲವಾಡಿಯ ಸರ್ವಮಂಗಳಮ್ಮ. ಅವರ ಮನೆಯವರಿಗೂ ಅದೇ ಕಾಯಿಲೆ, ಅದೇ ಸೆಂಟರು, ಒಂದು ವರ್ಷದಿಂದ.

"ನಿಮ್ಗೆ ಯಾವ್ಯಾವ ದಿನ ಕೊಟ್ಟವ್ರೆ?" ಎಂದರು.

"ಮಂಗಳವಾರ, ಶುಕ್ರವಾರ."

"ಹಂಗಾದ್ರೆ ಕುಣಿಗಲ್ ಸಿಸ್ಟರ್ ಕೈಗೇ ಸಿಕ್ಕಂಡ್ರಿ ಬುಡಿ."

"ಯಾಕ್ರಮ್ಮ, ಸೂಜಿ ಜೋರಾಗಿ ಚುಚ್ತಾರಾ?"

"ಸೂಜಿ ಆದ್ರೆ ತಡ್ಕಬೋದು. ಕೈ ತೊಳ್ಸೀ ತೊಳ್ಸೀ ಅಂಗೈ ರೇಖೆನೇ ಅಳಿಸ್ ಹಾಕ್ತಾಳೆ. ಹೋದ ತಿಂಗಳು ದೊಡ್ಡ ಡಾಕ್ಟ್ರನ್ನೇ ಬಾಗ್ಲಲ್ಲಿ ನಿಲ್ಸಿದ್ಲು, ಕೈ ತೊಳ್ಕಂಡ್ ಬನ್ನಿ ಸಾರ್ ಅಂತ. ಅವ್ರೇ ಹೋಗಿ ತೊಳ್ಕಂಡ್ ಬಂದ್ರು, ನಮ್ಮ ಗತಿ ಏನು ಹೇಳಿ!"

ಮುಂದಿನ ಸೀಟಿನಲ್ಲಿದ್ದ ನಮ್ಮ ಯಜಮಾನರು ಕತ್ತು ತಿರುಗಿಸಲಾಗದೆ ಹಾಗೇ ನಕ್ಕರು. ಅವರು ಗುಬ್ಬಿಯಲ್ಲಿ ಮೂವತ್ತೊಂದು ವರ್ಷ ನೀರುಗಂಟಿಯಾಗಿದ್ದವರು. ಯಾವ ಬೀದಿಗೆ ಎಷ್ಟು ಹೊತ್ತು ನೀರು ಬಿಡಬೇಕು, ಯಾವ ವಾಲ್ವು ಎಷ್ಟು ಸುತ್ತಬೇಕು, ಎಲ್ಲ ಅವರ ಕೈಯಲ್ಲೇ ಇತ್ತು. "ನೀರು ಬಿಡೋನಿಗೇ ಕೈ ತೊಳಿಯೋದು ಹೇಳ್ಕೊಡ್ತಾಳಂತಾ? ನೋಡನ ನಡಿ" ಎಂದರು.

ಹೇಳಿಕೊಟ್ಟಳು. ಬಾಗಿಲ ಪಕ್ಕದ ನಲ್ಲಿಯ ಹತ್ತಿರ ನಿಲ್ಲಿಸಿ, ಉಗುರಿನ ಸಂದಿ, ಹೆಬ್ಬೆರಳಿನ ಬುಡ, ಮಣಿಕಟ್ಟು ಎಂದು ಒಂದೊಂದೇ ತೋರಿಸಿ, ಇಬ್ಬರಿಗೂ ಹೇಳಿಕೊಟ್ಟಳು. ಕುಳ್ಳಗೆ, ಕಪ್ಪಗೆ, ನಲವತ್ತೈದರ ಆಸುಪಾಸಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕತ್ತಿಗೆ ಇಳಿಬಿಟ್ಟಿದ್ದಳು. ಕೊರಳಲ್ಲಿ ತಾಳಿ ಇತ್ತು, ಆದರೆ ಕೈ ಎರಡೂ ಬೋಳು. ನನಗೆ ನೋಡಲಾಗಲಿಲ್ಲ.

"ಮುತ್ತೈದೆ ಹಿಂಗೆ ಬರಿಗೈಯಲ್ಲಿ ಇರ್ಬಾರ್ದು ಕಣಮ್ಮ" ಎಂದೆ.

ಅವಳು ಜೇಬಿನಿಂದ ಒಂದು ಪುಟ್ಟ ಡಬ್ಬಿ ತೆಗೆದು ತೋರಿಸಿದಳು. ಒಳಗೆ ನಾಲ್ಕು ಹಸಿರು ಗಾಜಿನ ಬಳೆ. "ಸಾಯಂಕಾಲ ಬಸ್ ಹತ್ತೋವಾಗ ಹಾಕ್ಕಳ್ತೀನಿ. ಬಳೆ ಕೆಳಗೆ ಕೊಳೆ ಕೂತ್ಕಳುತ್ತಮ್ಮ. ಎಂಟು ಗಂಟೆ ತೆಗ್ದಿಟ್ರೆ ನಮ್ಮೆಜಮಾನ್ರಿಗೇನೂ ಆಗಲ್ಲ. ತೆಗೀದಿದ್ರೆ ನಿಮ್ಮೆಜಮಾನ್ರಿಗೆ ಆಗುತ್ತೆ."

ನಾನು ಬಳೆ ಮೇಲಕ್ಕೆ ಸರಿಸಿ ಮತ್ತೆ ನಲ್ಲಿಗೆ ಕೈ ಒಡ್ಡಿದೆ.

ಆ ಹಾಲಿನಲ್ಲಿ ಎಂಟು ಮಂಚ, ಎಂಟು ಮೆಷಿನ್ನು. ಲೈನಿನ ಬಾಯಿ ತೆಗೆಯುವ ಮೊದಲು ಅವಳು ತಾನೂ ಮಾಸ್ಕ್ ಹಾಕಿ, ಮಲಗಿದವರಿಗೂ ಹಾಕಿಸಿ, ಮುಖವನ್ನು ಆ ಕಡೆ ತಿರುಗಿಸಲು ಹೇಳುತ್ತಿದ್ದಳು. ಉಸಿರು ಕೂಡ ಆ ಬಾಯಿಗೆ ತಾಗಬಾರದಂತೆ. ಆಮೇಲೆ ಕೈ ತೊಳೆದು, ಹೊಸ ಗ್ಲೌಸ್ ಹಾಕಿ, ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಆ ಪುಟ್ಟ ಬಾಯಿಯನ್ನು ಗಟ್ಟಿಯಾಗಿ ತಿಕ್ಕುವಳು. ತಿಕ್ಕುತ್ತಾ ಊರಿನ ಹೆಸರು ಹೇಳುವಳು. "ಕುಣಿಗಲ್..." ಸ್ವಲ್ಪ ತಡೆದು, "ಹೆಬ್ಬೂರು... ನಾಗವಲ್ಲಿ... ಗೂಳೂರು... ತುಮಕೂರು." ದಿನಾ ಕುಣಿಗಲ್‌ನಿಂದ ಬಸ್ಸಿನಲ್ಲಿ ಬರುತ್ತಿದ್ದವಳು. ಒಂದೊಂದು ಊರಿಗೂ ಮೂರು ಸಲ ಉಸಿರಾಡುವಷ್ಟು ನಿಲ್ಲಿಸುತ್ತಿದ್ದಳು. ಅಲ್ಲಿಗೂ ಮುಗಿಯುತ್ತಿರಲಿಲ್ಲ. ತುಮಕೂರು, ಗೂಳೂರು, ನಾಗವಲ್ಲಿ ಎಂದು ವಾಪಸ್ಸು ಕುಣಿಗಲ್ ಮುಟ್ಟುವವರೆಗೆ ಸುಮ್ಮನೆ ಹಿಡಿದುಕೊಂಡಿರುವಳು, ಸ್ಪಿರಿಟ್ ಒಣಗಲಿ ಎಂದು. ಹೋಗುವಾಗ ತಿಕ್ಕುವುದು, ಬರುವಾಗ ಒಣಗಿಸುವುದು.

ಕಿಟಕಿ ಪಕ್ಕದ ಮಂಚದ ಬೆಳ್ಳಾವಿಯವರೊಬ್ಬರು ಒಂದು ದಿನ ರೇಗಿಸಿದರು. "ಸಿಸ್ಟರೇ, ಎಷ್ಟೊತ್ತು? ಇವತ್ತೊಂದಿನ ನಾನ್‌ಸ್ಟಾಪ್ ಬಸ್ ಹತ್ತಿ!"

"ನಾನ್‌ಸ್ಟಾಪ್ ಹತ್ತಿದೋರು ಸೀದಾ ಮೇಲಕ್ಕೇ ಹೋಗ್ತಾರೆ ಕಣಣ್ಣ. ನೀವು ಇಳೀಬೇಕಾದ್ದು ಬೆಳ್ಳಾವಿಲಲ್ವಾ?"

ಎಂಟೂ ಮಂಚದವರು ನಕ್ಕರು.

ನಮ್ಮ ಯಜಮಾನರಿಗೆ ಅವಳ ಕೆಲಸ ನೋಡಿ ಬಹಳ ಗೌರವ ಬಂತು. "ಪೈಪಿನ ವಿದ್ಯೆ ಗೊತ್ತು ಕಣೇ ಈ ಹುಡುಗಿಗೆ" ಎನ್ನುತ್ತಿದ್ದರು. "ಎಲ್ಲಿ ಪೈಪ್ ಬಿಚ್ತೀವೋ ಅಲ್ಲೇ ಚರಂಡಿ ನೀರು ಒಳಕ್ಕೆ ಎಳ್ಕಳೋದು. ಬೀದಿಗೆಲ್ಲ ವಾಂತಿ ಭೇದಿ ಆಗೋದು ಟ್ಯಾಂಕಿಂದಲ್ಲ, ಬಿಚ್ಚಿದ ಜಾಗದಿಂದ."

ಅವಳು ಹೀಗೇಕಾದಳು ಎಂದು ಒಂದು ಶುಕ್ರವಾರ ಮಾತಿನ ಮೇಲೆ ಮಾತು ಬಂದು ತಿಳಿಯಿತು. ಅವಳ ತಂದೆ ಅಡವಿಯಪ್ಪ ಕುಣಿಗಲ್‌ನಲ್ಲಿ ಜಟಕಾ ಕುದುರೆಗಳ ಆರೈಕೆ ಮಾಡುತ್ತಿದ್ದವರು. ಅವಳು ಏಳೆಂಟು ವರ್ಷದವಳಿದ್ದಾಗ ಯಾರೋ ತಿಳಿಯದವನು ಒಂದು ಕುದುರೆಯ ಕತ್ತಿನ ನರಕ್ಕೆ ತೊಳೆಯದ ಸೂಜಿ ಚುಚ್ಚಿದನಂತೆ. ಮೂರು ದಿನಕ್ಕೆ ಆ ನರ ಹಗ್ಗದ ಹಾಗೆ ದಪ್ಪವಾಯಿತು. ಐದನೇ ದಿನ ಕುದುರೆ ನಿಂತಲ್ಲೇ ನಡುಗಿ ನಡುಗಿ ಬಿತ್ತು. "ಅಷ್ಟು ದೊಡ್ಡ ಪ್ರಾಣಿ ಅಮ್ಮ, ಒಂದು ಸೂಜಿ ಮೊನೆ ಕೊಳೆಗೆ. ನಮ್ಮಪ್ಪ ಅವತ್ತು ಊಟ ಮಾಡ್ಲಿಲ್ಲ. ನಂಗೆ ಆ ನಡುಕ ಕಣ್ಣಲ್ಲೇ ಐತೆ."

ಅದಕ್ಕೇ ಇರಬೇಕು, ಗೋಡೆಯ ಮೇಲೆ ಒಂದು ಬೋರ್ಡು ಹಾಕಿಸಿದ್ದಳು. 'ನಡುಕ ಬರದೆ ಕಳೆದ ದಿನ' ಎಂದು ಮೇಲೆ, ಅದರ ಕೆಳಗೆ ಒಂದು ಸಂಖ್ಯೆ. ಲೈನಿನಿಂದ ರಕ್ತಕ್ಕೆ ಸೋಂಕು ಹತ್ತಿದರೆ ಮೊದಲು ಬರುವುದು ಚಳಿ, ನಡುಕ. ಯಾರಿಗೂ ಬರದಿದ್ದರೆ ಬೆಳಿಗ್ಗೆ ಬಂದವಳೇ ಒಂದು ಕೂಡಿಸಿ ಬರೆಯುತ್ತಿದ್ದಳು. ನಾವು ಸೇರಿದಾಗ ತೊಂಬತ್ತು ಇತ್ತು. ಯುಗಾದಿ ಹೊತ್ತಿಗೆ ಇನ್ನೂರ ಹತ್ತು ದಾಟಿತ್ತು.

ಯುಗಾದಿ ಆ ವರ್ಷ ಬುಧವಾರ ಬಂತು. ಯಜಮಾನರಿಗೆ ಎಡಗೈಯಲ್ಲಿ ನರ ಕೂಡಿಸುವ ಆಪರೇಷನ್ ಆಗಿತ್ತು. ಅದು ಬಲಿತು ಬಂದರೆ ಕೈಗೇ ಸೂಜಿ ಹಾಕಬಹುದು, ಕತ್ತಿನ ಲೈನ್ ತೆಗೆಯಬಹುದು, ಇನ್ನು ಮೂರು ವಾರ ಎಂದಿದ್ದರು. ನಾಲ್ಕು ತಿಂಗಳಿಂದ ಅವರ ತಲೆಗೆ ನೀರು ಬಿದ್ದಿರಲಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದ್ದೇ. ಮದುವೆಯಾದ ನಲವತ್ತಾರು ವರ್ಷದಲ್ಲಿ ಯುಗಾದಿಗೆ ಅವರ ನೆತ್ತಿಗೆ ಎಣ್ಣೆ ಇಡದೆ ನಾನು ಒಲೆ ಹಚ್ಚಿದವಳಲ್ಲ.

"ಬೇಡ ಕಣೇ, ಸಿಸ್ಟರ್ ಬೈತಾಳೆ" ಎಂದರು.

"ಅವ್ಳೇನು ನಮ್ಮನೇಗೆ ಬಂದು ನೋಡ್ತಾಳಾ? ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ತೀನಿ, ಬನ್ರೀ."

ಕವರ್ ನಿಲ್ಲಲಿಲ್ಲ. ಎಣ್ಣೆ ಜಾರಿತು, ಸೀಗೆಪುಡಿಯ ನೀರು ಒಳಗೆ ಇಳಿಯಿತು, ಪ್ಲಾಸ್ಟರು ನೆನೆದು ಎದ್ದುಬಂತು. ನಾನು ಅದನ್ನು ಕಿತ್ತು, ಲೈನ್ ಚರ್ಮದೊಳಕ್ಕೆ ಹೋಗುವ ಜಾಗಕ್ಕೆ ಒಳ್ಳೆಯದಾಗಲಿ ಎಂದು ಅರಿಶಿನ ಹಚ್ಚಿದೆ. ನೀಲಿ ಕ್ಲಿಪ್ಪಿನ ಕಡೆಯ ಮುಚ್ಚಳದ ಸುತ್ತ ಎಣ್ಣೆ, ಸೀಗೆಪುಡಿ ಮೆತ್ತಿಕೊಂಡು ಗಲೀಜಾಗಿ ಕಾಣುತ್ತಿತ್ತು. ಮುಚ್ಚಳ ತಿರುಗಿಸಿ ತೆಗೆದೆ. ಸೆರಗಿನ ತುದಿಯಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿ ಮತ್ತೆ ಹಾಕಿದೆ. ಕ್ಲಿಪ್ಪು ಮುಚ್ಚೇ ಇತ್ತು, ಒಂದು ಹನಿ ರಕ್ತ ಬರಲಿಲ್ಲ. ಮಕ್ಕಳ ಮೂಗು, ಲೋಟದ ಕಂಠ, ದೇವರ ದೀಪದ ಬಾಯಿ, ಎಲ್ಲವನ್ನೂ ನಾನು ಸೆರಗಿನಿಂದಲೇ ಒರೆಸಿದವಳು. ಹಸಿರು ಸೀರೆ, ಹಬ್ಬಕ್ಕೆಂದು ಬೆಳಿಗ್ಗೆ ಉಟ್ಟದ್ದು. ಒರೆಸಿದ್ದರಲ್ಲಿ ತಪ್ಪಿದೆ ಎಂದು ಆಗ ಹೊಳೆಯಲೂ ಇಲ್ಲ.

ಅವರು ಮಾತ್ರ ಮುಚ್ಚಳದ ಕಡೆಗೇ ಒಮ್ಮೆ ಕೈ ಹಾಕಿ ನೋಡಿಕೊಂಡರು.

ಶುಕ್ರವಾರ ಹೊರಡುವಾಗ ಅರಿಶಿನ ಒರೆಸಿ ತೆಗೆದು, ಔಷಧಿ ಅಂಗಡಿಯಿಂದ ತಂದ ಪ್ಲಾಸ್ಟರು ಅಂಟಿಸಿದೆ. ಮಂಗಳಗೌರಿ ನೋಡಿದ ಕೂಡಲೇ ಹಿಡಿದಳು. ಅವಳು ಹಾಕುವ ಪ್ರತಿ ಪ್ಲಾಸ್ಟರಿನ ಮೇಲೂ ಪೆನ್ನಿನಲ್ಲಿ ತಾರೀಕು ಬರೆಯುತ್ತಿದ್ದಳು. ಇದರ ಮೇಲೆ ತಾರೀಕು ಇರಲಿಲ್ಲ.

"ವನಜಮ್ಮ, ಇದು ನಾನು ಹಾಕಿದ್ದಲ್ಲ. ಯಾರು ಬಿಚ್ಚಿದ್ದು?"

"ಬೆವರಿಗೆ ಎದ್ದಿತ್ತು ತಾಯಿ. ಮೇಲೊಂದು ಅಂಟಿಸ್ದೆ ಅಷ್ಟೇ."

"ಒಳಗೇನೂ ಮುಟ್ಲಿಲ್ವಲ್ಲ?"

"ಇಲ್ಲಪ್ಪ."

ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಎಲ್ಲ ತೆಗೆದು ಹೊಸದಾಗಿ ಶುದ್ಧ ಮಾಡಿ, ಕುಣಿಗಲ್‌ನಿಂದ ತುಮಕೂರಿಗೆ ಹೋಗಿ ವಾಪಸ್ಸು ಬಂದು, ಮೆಷಿನ್ನಿಗೆ ಜೋಡಿಸಿದಳು. ಹೊರಗನ್ನು ಎಷ್ಟು ತಿಕ್ಕಿದರೇನು, ಎರಡು ದಿನದಿಂದ ನನ್ನ ಸೆರಗಿನ ಕೊಳೆ ಒಳಗಿತ್ತು.

ಅರ್ಧ ಗಂಟೆ ಆಗಿರಲಿಲ್ಲ. "ಚಳಿ ಕಣೇ" ಎಂದರು. ಕಂಬಳಿ ಹೊದಿಸಿದೆ. ಇನ್ನೊಂದು ಹೊದಿಸಿದೆ. ಮಂಚ ಗೋಡೆಗೆ ಬಡಿದು ಸದ್ದಾಗುವಷ್ಟು ನಡುಗಿದರು. ಮಂಗಳಗೌರಿ ಮೆಷಿನ್ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ, ಎರಡು ಬಾಟಲಿಗೆ ರಕ್ತ ತೆಗೆದು ಪರೀಕ್ಷೆಗೆ ಕಳಿಸಿ, ಇಂಜೆಕ್ಷನ್ ಶುರು ಮಾಡಿದಳು. ಎಲ್ಲ ಮುಗಿದ ಮೇಲೆ ಬೋರ್ಡಿನ ಹತ್ತಿರ ಹೋಗಿ ಸಂಖ್ಯೆಯನ್ನು ತಾನೇ ಅಳಿಸಿ ಸೊನ್ನೆ ಬರೆದಳು. ಬೆನ್ನು ಈ ಕಡೆ ಇತ್ತು, ಮುಖ ಕಾಣಲಿಲ್ಲ.

ಅವರನ್ನು ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು. ಲೈನ್ ತೆಗೆದರು. ಸೋಂಕು ಹೃದಯದ ಕವಾಟಕ್ಕೆ ಹತ್ತಿದೆ ಎಂದರು. ಮಂಗಳಗೌರಿ ಡ್ಯೂಟಿ ಮುಗಿಸಿ ದಿನಾ ಬಂದು ನೋಡಿ ಆಮೇಲೆ ಬಸ್ಸಿಗೆ ಹೋಗುವಳು. ಮೂರನೇ ದಿನ ನನ್ನನ್ನು ವರಾಂಡಕ್ಕೆ ಕರೆದು, ಮೆಲ್ಲಗೆ ಕೇಳಿದಳು.

"ಅಮ್ಮ, ಮನೇಲಿ ಏನಾದ್ರೂ ಆಯ್ತಾ? ಬೈಯಕ್ಕಲ್ಲ. ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಉಳಿದೋರ್ನ ಕಾಪಾಡ್ಬೋದು. ಸೆಂಟರಲ್ಲೇ ಆಗಿದ್ರೆ ಇನ್ನೂ ಏಳು ಜನ ಅವ್ರೆ."

ಬಾಯಿವರೆಗೆ ಬಂತು. ಅಷ್ಟರಲ್ಲಿ ಮಗ ಕಾಂತೇಶ್ ಔಷಧಿ ಚೀಟಿ ಹಿಡಿದು ಮೆಟ್ಟಿಲು ಹತ್ತಿ ಬಂದ. ನಾನು "ಏನೂ ಇಲ್ಲ" ಎಂದೆ.

ನಮ್ಮ ಯಜಮಾನರಿಗೆ ಹತ್ತನೇ ದಿನ ಸ್ವಲ್ಪ ಪ್ರಜ್ಞೆ ಚೆನ್ನಾಗಿತ್ತು. ಎಳನೀರು ಚಮಚದಲ್ಲಿ ಹಾಕುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದುಕೊಂಡರು. "ಆ ಹುಡುಗಿ ಮೇಲೆ ಹಾಕ್ಬೇಡ ಕಣೇ" ಎಂದರು. ಅಷ್ಟೇ. ಹದಿನಾಲ್ಕನೇ ದಿನ, ಹುಣ್ಣಿಮೆ, ಗುರುವಾರ ಬೆಳಿಗ್ಗೆ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಕಾಂತೇಶ್ ಸೆಂಟರಿನ ಮೇಲೆ ದೂರು ಬರೆದ. ಕುಣಿಗಲ್ ಸಿಸ್ಟರ್ ಗ್ಲೌಸ್ ಬದಲಿಸದೆ ಲೈನ್ ಮುಟ್ಟಿದಳು, ಅದರಿಂದಲೇ ಅಪ್ಪ ಸತ್ತರು ಎಂದು. ಅವನು ನೋಡಿದ್ದೇನೂ ಇಲ್ಲ. ಅಪ್ಪನನ್ನು ಕಳೆದುಕೊಂಡವನಿಗೆ ಯಾರಾದರೂ ಒಬ್ಬರು ಬೇಕಿತ್ತು. ದೂರು ಹೋದ ದಿನದಿಂದ ಮಂಗಳಗೌರಿಯನ್ನು ಕೆಲಸಕ್ಕೆ ಬರಬೇಡ ಎಂದು ಕೂರಿಸಿದರು. ಸರ್ವಮಂಗಳಮ್ಮ ಫೋನ್ ಮಾಡಿ, "ಅವ್ಳಿಲ್ದೆ ನಮ್ಗೆಲ್ಲ ಕೈಕಾಲು ಬಿದ್ದೋದಂಗಾಗೈತೆ ವನಜಮ್ಮ. ನೀವಾದ್ರೂ ಮಗನಿಗೆ ಹೇಳ್ಬಾರ್ದಾ?" ಎಂದರು.

ವಿಚಾರಣೆಗೆ ಕರೆದ ದಿನ ನಾನೂ ಹೋದೆ. ಮ್ಯಾನೇಜರ್ ವಿಜಯೀಂದ್ರ ಅವರು, ಡಾಕ್ಟರು, ಮೇಜಿನ ಈ ಕಡೆ ನಾನು ಮತ್ತು ಮಗ. ಮಂಗಳಗೌರಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಅವತ್ತು ಕೈಯಲ್ಲಿ ಬಳೆ ಇತ್ತು.

ವಿಜಯೀಂದ್ರ ಅವರು ಒಂದು ಕಾಗದ ನನ್ನ ಮುಂದೆ ಸರಿಸಿದರು. "ಅಮ್ಮ, ನೀವು ಜೊತೇಲೇ ಇದ್ದೋರು. ನಿಮ್ಮ ಮಗ ಬರೆದಿರೋದು ಸರಿ ಅಂತ ಇಲ್ಲೊಂದು ಸಹಿ ಹಾಕಿದ್ರೆ ನಾವು ಮುಂದಿನ ಕ್ರಮ ತಗೋತೀವಿ."

ನಾಲ್ಕನೇ ಕ್ಲಾಸು ಓದಿದವಳಿಗೂ ಅದರಲ್ಲಿ ಅವಳ ಹೆಸರು ಕಂಡಿತು. ಪೆನ್ನು ಕೆಳಗಿಟ್ಟೆ.

"ಮುಚ್ಚಳ ಬಿಚ್ಚಿದ್ದು ನಾನು" ಎಂದೆ.

"ಅಮ್ಮ, ಏನ್ ಮಾತಾಡ್ತಿದೀಯ? ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು" ಎಂದ ಕಾಂತೇಶ್.

"ಗೊತ್ತು ಕಣೋ. ಯುಗಾದಿ ದಿನ ಎಣ್ಣೆ ನೀರು ಹಾಕ್ದೆ. ಪ್ಲಾಸ್ಟರ್ ಕಿತ್ತು ಅರಿಶಿನ ಹಚ್ದೆ. ಮುಚ್ಚಳ ತೆಗ್ದು ಸೆರಗಲ್ಲಿ ಒರೆಸ್ದೆ. ಅವ್ಳು ಎರಡು ಸಲ ಕೇಳಿದ್ಲು. ಎರಡು ಸಲಾನೂ ಸುಳ್ಳು ಹೇಳ್ದೆ."

ಮಂಗಳಗೌರಿಗೆ ಸಮಾಧಾನವಾಗಬಹುದು, ಅಳಬಹುದು ಎಂದುಕೊಂಡಿದ್ದೆ. ಅವಳು ಕೇಳಿದ್ದು ಒಂದೇ ಮಾತು.

"ಯಾವ ಮುಚ್ಚಳ ಅಮ್ಮ? ಕೆಂಪು ಕಡೇದಾ, ನೀಲಿದಾ?"

"ನೀಲಿ."

ಮೆಷಿನ್ನಿನಿಂದ ರಕ್ತ ಮೈಯೊಳಕ್ಕೆ ವಾಪಸ್ಸು ಹೋಗುವ ಬಾಯಿ ಅದು. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಎದ್ದು ನಿಂತು ಡಾಕ್ಟರಿಗೆ ಹೇಳಿದಳು: "ಸಾರ್, ನಂದೂ ಬರ್ಕೊಳ್ಳಿ. ಪ್ಲಾಸ್ಟರ್ ಮೇಲೆ ತಾರೀಕಿಲ್ಲ ಅಂತ ನೋಡಿದ್ದೆ. ಅಲ್ಲೇ ನಿಲ್ಸಿ ನಿಮ್ಗೆ ಫೋನ್ ಮಾಡ್ಬೇಕಿತ್ತು. ಅಮ್ಮ ಹೇಳಿದ್ದನ್ನ ನಂಬ್ದೆ. ಅದು ನನ್ ತಪ್ಪೇ."

ಮೊದಲೇ ಗೊತ್ತಿದ್ದರೆ ಜೋಡಿಸುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿ ಔಷಧಿ ಕೊಡಬಹುದಿತ್ತು, ಉಳಿಯುತ್ತಿದ್ದರೋ ಇಲ್ಲವೋ ಯಾರೂ ಹೇಳಲಾರರು ಎಂದರು ಡಾಕ್ಟರು. ಆ ಮಾತನ್ನು ನಾನು ಇವತ್ತಿಗೂ ಎರಡು ಕಡೆಗೂ ತಿರುಗಿಸಿ ನೋಡುತ್ತಿರುತ್ತೇನೆ.

ಅವಳಿಗೆ ಒಂದು ಎಚ್ಚರಿಕೆಯ ಪತ್ರ ಕೊಟ್ಟು ಕೆಲಸಕ್ಕೆ ವಾಪಸ್ಸು ತೆಗೆದುಕೊಂಡರು. ಕಾಂತೇಶ್ ಮೂರು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಿದ್ದ, ಎದ್ದು ಹೋಗುತ್ತಿದ್ದ. ಗೌರಿ ಹಬ್ಬದ ದಿನ ತಾನಾಗಿಯೇ "ಬಾಳೆಲೆ ಎಷ್ಟು ತರ್ಲಿ?" ಎಂದ. ನಾನು ಒಳಗೆ ಹೋಗಿ ಅತ್ತು ಬಂದು "ನಾಲ್ಕು" ಎಂದೆ.

ಮಂಗಳಗೌರಿ ಅದಕ್ಕೂ ಮೊದಲೇ ಒಂದು ಭಾನುವಾರ ಗುಬ್ಬಿಗೆ ಬಂದಿದ್ದಳು. ಬ್ಯಾಗಿನಿಂದ ಒಂದು ಹೊಸ ಲೈನ್ ತೆಗೆದು ನನ್ನ ಕೈಗೆ ಕೊಟ್ಟಳು. "ಅವತ್ತು ಹೆಂಗೆ ಬಿಚ್ಚಿದ್ರಿ, ತೋರ್ಸಿ."

ತೋರಿಸಿದೆ. ಸೆರಗು ಹಿಡಿದದ್ದು, ಒಳಗೆ ಬೆರಳು ತಿರುಗಿಸಿದ್ದು, ಎಲ್ಲ. ಅವಳು ಒಂದು ಪುಸ್ತಕದಲ್ಲಿ ಬರೆದುಕೊಂಡಳು.

"ಎಣ್ಣೆ ಸ್ನಾನ ಬೇಡ, ಒದ್ದೆ ಮಾಡ್ಬೇಡಿ ಅಂತ ನಾನು ಹೇಳ್ತಿದ್ದೆ. ಮುಚ್ಚಳ ಸೆರಗಲ್ಲಿ ಒರೆಸ್ಬೇಡಿ ಅಂತ ಯಾವತ್ತೂ ಹೇಳಿರ್ಲಿಲ್ಲ. ಹಂಗೂ ಮಾಡ್ತಾರೆ ಅಂತ ನಂಗೆ ಹೊಳೀಲೇ ಇಲ್ಲ ನೋಡಿ, ನಾನೂ ಸೆರಗಲ್ಲೇ ಎಲ್ಲ ಒರೆಸೋಳು." ಕಾಫಿ ಕುಡಿದು ಲೋಟ ಕೆಳಗಿಟ್ಟಳು. "ಹೊಸಬರು ಬಂದಾಗ ನೀವೊಂದ್ಸಲ ಬಂದು ಹೇಳ್ತೀರಾ ಅಮ್ಮ? ನಾನು ಹೇಳಿದ್ರೆ ಹೂಂ ಅಂತಾರೆ, ಮನೇಗ್ ಹೋಗಿ ತಮಗೆ ತಿಳಿದಂಗೆ ಮಾಡ್ತಾರೆ."

"ನನ್ನ ಗಂಡನ್ನ ನಾನೇ ಕೊಂದೆ ಅಂತ ಹೇಳ್ಲಾ?"

"ಹಂಗಲ್ಲಮ್ಮ. ಹಬ್ಬದ ದಿನ ಎಣ್ಣೆ ಇಟ್ಟೆ ಅಂತ ಹೇಳಿ. ಅದೇ ಅವ್ರೂ ಮಾಡೋದು."

ಹೋದೆ. ಒಂದೂವರೆ ವರ್ಷ, ಮಂಗಳವಾರ ಯಾರಾದರೂ ಹೊಸಬರು ಬಂದರೆ ಅವಳು ಫೋನ್ ಮಾಡುವಳು, ನಾನು ಬಸ್ಸು ಹತ್ತುವೆ. ಮೊದಲ ಸಲ ಬರೀ ಸೆರಗು ಹಿಡಿದು ತೋರಿಸಿದೆ. ಗೂಳೂರಿನ ಕಡೆಯ ಒಬ್ಬ ಹೆಂಗಸು ತನ್ನ ಸೆರಗನ್ನು ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೋರ್ಡಿನ ಸಂಖ್ಯೆ ಮತ್ತೆ ಏರಿತು, ನಡುವೆ ಎರಡು ಸಲ ಸೊನ್ನೆಗೆ ಬಿತ್ತು, ಮತ್ತೆ ಏರಿತು.

ಆಮೇಲೆ ಅವಳ ಫೋನ್ ಬರುವುದು ನಿಂತಿತು. ಎರಡು ಸಾವಿರದ ಇಪ್ಪತ್ತೈದರ ಶ್ರಾವಣದಲ್ಲಿ ಅವಳ ಗಂಡ ಅಂಜನಮೂರ್ತಿ ಫೋನ್ ಮಾಡಿದರು. ಅವಳಿಗೆ ಎದೆಯ ಕ್ಯಾನ್ಸರ್ ಎಂದು, ಆರು ತಿಂಗಳಿಂದ ಔಷಧಿ ನಡೆಯುತ್ತಿದೆ ಎಂದು ಆಗಲೇ ನನಗೆ ತಿಳಿದದ್ದು. ನನಗೆ ಹೇಳಬೇಡಿ ಎಂದಿದ್ದಳಂತೆ. ಈಗ ನೋಡಬೇಕು ಎಂದಳಂತೆ.

ತುಮಕೂರಿನ ಆಸ್ಪತ್ರೆಗೆ ಮಧ್ಯಾಹ್ನ ಹೋದೆ. ತಲೆಯಲ್ಲಿ ಕೂದಲಿರಲಿಲ್ಲ, ಕನ್ನಡಕ ಅದೇ ದಾರದಲ್ಲಿ ಜೋತಿತ್ತು. ಅವಳ ತೋಳಿನಲ್ಲಿ ಒಂದು ಲೈನ್ ಇತ್ತು, ಒಳಗಿಂದೊಳಗೇ ಎದೆಯವರೆಗೆ ಹೋಗುವಂಥದ್ದು. ಬಾಯೊಳಗೆಲ್ಲ ಹುಣ್ಣಾಗಿ ಮಾತು ಪಿಸುಗುಟ್ಟಿದ ಹಾಗೆ. ಅದಾಗಿ ನಾಲ್ಕನೇ ದಿನಕ್ಕೆ ಅವಳು ತೀರಿಕೊಂಡಳು, ಆ ಕಾಯಿಲೆಯಿಂದಲೇ. ಲೈನಿನ ಸೋಂಕು ಕೊನೆಯವರೆಗೂ ಅವಳಿಗೆ ತಗಲಲಿಲ್ಲ.

ಅವತ್ತು ನಾನು ಹೋದ ಸ್ವಲ್ಪ ಹೊತ್ತಿಗೆ ಚಿಕ್ಕ ವಯಸ್ಸಿನ ಒಬ್ಬ ಸಿಸ್ಟರ್ ಬಂದಳು, ಸಂಧ್ಯಾ ಎಂದು ಹೆಸರಿನ ಪಟ್ಟಿಯಲ್ಲಿ ಇತ್ತು. ಕೈ ತೊಳೆದಳು, ಗ್ಲೌಸ್ ಹಾಕಿದಳು. ಆದರೆ ಹೊರಗೆ ಇನ್ನೂ ನಾಲ್ಕು ಮಂಚ ಕಾಯುತ್ತಿದ್ದವು, ಅವಸರ ಕಾಣುತ್ತಿತ್ತು. ಸ್ಪಿರಿಟ್ ಬಟ್ಟೆಯಿಂದ ಲೈನಿನ ಬಾಯನ್ನು ಒಂದು ಸುತ್ತು ಒರೆಸಿ ಸಿರಿಂಜಿಗೆ ಕೈ ಹಾಕಿದಳು. ಮಂಗಳಗೌರಿ ತೋಳನ್ನು ಹಿಂದಕ್ಕೆ ಎಳೆದುಕೊಂಡಳು. ಏನೋ ಹೇಳಲು ನೋಡಿದಳು, ಆಗಲಿಲ್ಲ. ಹುಡುಗಿ ಗಾಬರಿಯಾಗಿ ನಿಂತಳು. ಮಂಗಳಗೌರಿ ಇನ್ನೊಂದು ಕೈಯಿಂದ ನನ್ನನ್ನು ಹತ್ತಿರ ಕರೆದಳು. ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಾಯಿಗೆ ಮಾಸ್ಕ್ ಏರಿಸಿಕೊಂಡು, ಬಗ್ಗಿ ಕಿವಿ ಕೊಟ್ಟೆ.

"ನಂಗೆ ಬಾಯಿ ಬರ್ತಿಲ್ಲಮ್ಮ" ಎಂದಳು. "ಇವ್ಳು ತಿಕ್ಲಿ. ನೀವು ಊರು ಹೇಳಿ. ಕುಣಿಗಲ್‌ನಿಂದ."